ಯಾತ್ರಿಕನ ಬಸ್ಸು, ವಿದ್ಯಾರ್ಥಿಯ ಬಸ್ಸು

(ಮಧುಗಿರಿಯ ಸಭೆಯೊಂದರಲ್ಲಿ ‘ಪ್ರವಾಸೋದ್ಯಮ ಮತ್ತು ಸ್ಥಳೀಯ ಬದುಕು’ ಎಂಬ ವಿಷಯದ ಮೇಲೆ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಗೆ ಬರುವಾಗ ಒಂದು ಪ್ರಶ್ನೆಯನ್ನು ಜೊತೆಯಲ್ಲಿ ತಂದಿದ್ದೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲೂಕುಗಳಿಗೆ ವರ್ಷವಿಡೀ ಹೊರಗಿನ ಜನ ಬರುತ್ತಾರೆ. ಅವರು ಹಿಂತಿರುಗಿದ ಮೇಲೆ ಇಲ್ಲಿ ಉಳಿಯುವುದೇನು?

ಮಳೆಗೆ ಬರವಿರುವ ಈ ಸೀಮೆಯಲ್ಲಿ ನೋಡತಕ್ಕ ಸ್ಥಳಗಳಿಗೆ ಬರವಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಸುಮಾರು 3,930 ಅಡಿ ಎತ್ತರದ್ದು. ಅದರ ಮೇಲಿನ ಕೋಟೆ ಪಾಳೆಯಗಾರರ ಕಾಲದಿಂದ ಹೈದರಾಲಿಯ ಕಾಲದವರೆಗಿನ ಚರಿತ್ರೆಗೆ ಸಾಕ್ಷಿ. ಇದೇ ತಾಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಕೊರಟಗೆರೆಯಲ್ಲಿ ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಸ್ಥಾನವೂ ಔಷಧಿ ಸಸ್ಯಗಳಿಗೆ ಹೆಸರಾದ ಸಿದ್ಧರಬೆಟ್ಟವೂ ಇವೆ. ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಶನಿವಾರಗಳಂದು, ಅದರಲ್ಲೂ ಶ್ರಾವಣದಲ್ಲಿ, ಆಂಧ್ರದಿಂದಲೂ ಭಕ್ತರು ಬರುತ್ತಾರೆ. ಶಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿಯಿದೆ, 1696ರ ಜುಮಾ ಮಸೀದಿಯಿದೆ.

ಆದರೆ ಬಂದವರ ಹಣ ಯಾವ ದಾರಿ ಹಿಡಿಯುತ್ತದೆಂಬುದನ್ನು ಗಮನಿಸಿ. ಬೆಂಗಳೂರಿನಿಂದ ಮುಂಜಾನೆ ಹೊರಟ ಕುಟುಂಬ ತನ್ನ ಕಾರಿನಲ್ಲಿ ಬರುತ್ತದೆ. ಪೆಟ್ರೋಲು ಅಲ್ಲಿಯದು, ನೀರಿನ ಬಾಟಲಿ ಅಲ್ಲಿಯದು, ಬುತ್ತಿಯೂ ಅಲ್ಲಿಯದೇ. ಬೆಟ್ಟ ಹತ್ತಿ, ದರ್ಶನ ಮುಗಿಸಿ, ಸಂಜೆಗೆ ಮರಳುತ್ತದೆ. ಇಲ್ಲಿನವರ ಪಾಲಿಗೆ ಬರುವುದು ಒಂದು ಎಳನೀರಿನ ಬೆಲೆ, ಒಂದು ಚಹಾದ ಬೆಲೆ, ಮತ್ತು ಬಂಡೆಯ ಸಂದಿಯಲ್ಲಿ ಬಿಟ್ಟುಹೋದ ಪ್ಲಾಸ್ಟಿಕ್. ಪ್ರವಾಸಿಗರ ಸಂಖ್ಯೆ ಹೆಚ್ಚಿತೆಂದು ಹೆಮ್ಮೆಪಡುವವರು ಅವರಲ್ಲಿ ಎಷ್ಟು ಮಂದಿ ಒಂದು ರಾತ್ರಿ ಇಲ್ಲಿ ತಂಗಿದರೆಂದು ಕೇಳುವುದಿಲ್ಲ. ತಂಗದ ಪ್ರವಾಸಿಗ ಊರಿಗೆ ದಾರಿಹೋಕನೇ ಹೊರತು ಗಿರಾಕಿಯಲ್ಲ.

ಇನ್ನು ಸಾರಿಗೆಯ ಮಾತು. 2022ರ ಮಾರ್ಚ್ 19ರ ಬೆಳಗ್ಗೆಯನ್ನು ಪಾವಗಡದವರು ಮರೆಯಲಾರರು. ಪಳವಳ್ಳಿ ಕಟ್ಟೆಯ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ಸು ಉರುಳಿಬಿತ್ತು. ಶಾಲೆ ಕಾಲೇಜಿಗೆ ಹೊರಟಿದ್ದ ಮಕ್ಕಳು ಪ್ರಾಣ ಕಳೆದುಕೊಂಡರು. ಅಂದು ಶನಿವಾರ. ಶನಿವಾರವೆಂದರೆ ದೂರದೂರದ ಯಾತ್ರಿಕರು ಪಾವಗಡವನ್ನು ತಲುಪುವ ದಿನ. ಅದೇ ದಿನ ಅದೇ ತಾಲೂಕಿನ ಮಕ್ಕಳಿಗೆ ತಮ್ಮದೇ ಪಟ್ಟಣವನ್ನು ಕ್ಷೇಮವಾಗಿ ತಲುಪಲಾಗಲಿಲ್ಲ. ಯಾತ್ರಿಕರ ಮೇಲೆ ನನಗೆ ಯಾವ ದೂರೂ ಇಲ್ಲ. ದೂರಿರುವುದು ಜಾತ್ರೆಗೆ ವಿಶೇಷ ಬಸ್ಸು ಹೊಂದಿಸಬಲ್ಲ ವ್ಯವಸ್ಥೆಗೆ ಸೋಮವಾರದ ಕಾಲೇಜು ಕಾಣುವುದಿಲ್ಲವಲ್ಲ ಎಂಬುದರ ಬಗ್ಗೆ.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಯಿತು. ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ತೀರ್ಥಕ್ಷೇತ್ರಗಳಲ್ಲಿ ಜನ ತುಂಬಿದರು. ಇದು ಸ್ವಾಗತಾರ್ಹವೇ. ಆದರೆ ಈ ಸೌಲಭ್ಯ ಖಾಸಗಿ ಬಸ್ಸಿಗೆ ಅನ್ವಯಿಸದು. ಖಾಸಗಿ ಬಸ್ಸನ್ನೇ ನಂಬಿಕೊಂಡ ಹಳ್ಳಿಯಿಂದ ಕೂಲಿಗೆ ಹೋಗುವ ಹೆಣ್ಣುಮಗಳು ಇಂದಿಗೂ ಟಿಕೆಟಿನ ಹಣ ಎಣಿಸುತ್ತಾಳೆ. ಹಕ್ಕು ಕಾಗದದ ಮೇಲಿದ್ದು ಬಸ್ಸು ರಸ್ತೆಯ ಮೇಲಿಲ್ಲದಿದ್ದರೆ ಆ ಹಕ್ಕಿನಿಂದ ಅವಳಿಗಾದ ಪ್ರಯೋಜನವೇನು?

ಶಿರಾದ ಕಥೆ ಇನ್ನೊಂದು ಬಗೆಯದು. 1687ರಲ್ಲಿ ಅದು ಮೊಗಲ್ ಸುಬಾದ ರಾಜಧಾನಿಯಾಯಿತು. ದಿಲಾವರ್ ಖಾನನ ಕಾಲಕ್ಕೆ ಅಲ್ಲಿ 50,000 ಮನೆಗಳಿದ್ದುವೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಆತನ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆನ್ನುತ್ತಾರೆ. ಮುಂದೆ ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಿಸಲು ಟಿಪ್ಪು ಸುಲ್ತಾನನು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಅದೇ ಗೆಜೆಟಿಯರ್ ದಾಖಲಿಸಿದೆ. ಟಿಪ್ಪುವನ್ನು ಗೌರವಿಸುವ ನಾವು ಈ ಮಾತನ್ನೂ ಮುಚ್ಚಿಡದೆ ಹೇಳಬೇಕು. ಏಕೆಂದರೆ ಅದರಲ್ಲಿ ಪಾಠವಿದೆ: ಅಧಿಕಾರದ ಆಸರೆಯಿಂದ ಬೆಳೆದ ಊರು ಅಧಿಕಾರ ಬೇರೆಡೆಗೆ ಸರಿದೊಡನೆ ಬರಿದಾಗುತ್ತದೆ.

ಇಂದು ಆ ಜಾಗದಲ್ಲಿ ಹೆದ್ದಾರಿಯಿದೆ. ಬೆಂಗಳೂರು–ಪುಣೆ ರಸ್ತೆಯ ವಾಹನಗಳು ಶಿರಾದ ಮಗ್ಗುಲಲ್ಲೇ ಹಗಲಿರುಳು ಓಡುತ್ತವೆ. ಒಮ್ಮೆ ರಾತ್ರಿ ಬಸ್ಸೊಂದು ನನ್ನನ್ನು ಹೆದ್ದಾರಿಯ ಬದಿಯಲ್ಲೇ ಇಳಿಸಿ ಹೋಯಿತು. ಕತ್ತಲಲ್ಲಿ ಊರೊಳಗೆ ನಡೆಯುತ್ತಾ ಯೋಚಿಸಿದೆ: ಈ ರಸ್ತೆ ಶಿರಾವನ್ನು ಎಲ್ಲ ಊರುಗಳಿಗೂ ಹತ್ತಿರ ಮಾಡಿತು; ಆದರೆ ಪ್ರಯಾಣಿಕರನ್ನು ಶಿರಾಕ್ಕೆ ಹತ್ತಿರ ಮಾಡಲಿಲ್ಲ.

ಅಭಿವೃದ್ಧಿ ಬಂದರೂ ಪಾಲು ಸಮನಾಗದ ಇನ್ನೊಂದು ನಿದರ್ಶನ ಪಾವಗಡದ ಸೌರ ಪಾರ್ಕು. ತಿರುಮಣಿ ಸುತ್ತಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸ್ಥಾವರವಿದೆ. 2018ರಲ್ಲಿ ಅದರ ಉದ್ಘಾಟನೆಯಾಯಿತು. ಭೂಮಿಯನ್ನು ಕಸಿದುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮವೇ. ಭೂಮಿಯುಳ್ಳವನಿಗೆ ಬಾಡಿಗೆ ಬಂತು. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ, ಅದೇ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಯಾರು ಬಾಡಿಗೆ ಕೊಟ್ಟರು? ನಾಳೆ ಮಧುಗಿರಿ ಬೆಟ್ಟಕ್ಕೆ ರೋಪ್‌ವೇ ಬಂದರೂ ಇದೇ ಪ್ರಶ್ನೆ ಏಳುತ್ತದೆ. ಗುತ್ತಿಗೆದಾರ ಹೊರಗಿನವನಾಗಿ, ನೌಕರಿಯೂ ಹೊರಗಿನವರಿಗೇ ಹೋಗಿ, ನಮ್ಮ ಪಾಲಿಗೆ ಕೆಳಗೆ ನಿಂತು ತಲೆಯೆತ್ತಿ ನೋಡುವ ಭಾಗ್ಯವೊಂದೇ ಉಳಿಯಬಾರದು.

ಹಾಗಾದರೆ ಪ್ರವಾಸೋದ್ಯಮ ಬೇಡವೇ? ಬೇಕು. ಅದಕ್ಕೆ ದಾರಿ ತೋರಿಸುವ ಊರೂ ನಮ್ಮಲ್ಲೇ ಇದೆ. ಶಿರಾ ತಾಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಗ್ರಾಮಸ್ಥರು ಅವನ್ನು ಬಾಣಂತನಕ್ಕೆ ಬಂದ ಮನೆಮಗಳಂತೆ ಕಾಪಾಡುತ್ತಾರೆ. ಆ ಹಕ್ಕಿಗಳನ್ನು ಕಾದದ್ದು ಮೊದಲು ಜನರ ಮನಸ್ಸು. ಹೀಗೆ ಊರೇ ಮುಂದೆ ನಿಂತಲ್ಲಿ ಪ್ರವಾಸಿಗನೂ ಅತಿಥಿಯ ಮರ್ಯಾದೆ ಕಲಿಯುತ್ತಾನೆ.

ಆದ್ದರಿಂದ ನಾವು ಕೇಳಬೇಕಾದುದು ದಾನವಲ್ಲ, ಕೆಲವು ಸರಳ ವ್ಯವಸ್ಥೆಗಳು. ನಾಲ್ಕೂ ತಾಲೂಕು ಕೇಂದ್ರಗಳನ್ನು ಬೆಸೆಯುವ, ಪ್ರವಾಸಿಗನಿಗೂ ವಿದ್ಯಾರ್ಥಿಗೂ ಒದಗುವ ಸರಕಾರಿ ಬಸ್ಸುಗಳು ನಿಗದಿತ ವೇಳೆಗೆ ಓಡಲಿ. ವಾಹನ ನಿಲುಗಡೆಯ ಶುಲ್ಕದಲ್ಲಿ ಒಂದು ಪಾಲು ಆಯಾ ಗ್ರಾಮ ಪಂಚಾಯತಿಯ ನೈರ್ಮಲ್ಯಕ್ಕೆ ಸಲ್ಲಲಿ. ಮಾರಾಟದ ಮಳಿಗೆಗಳಲ್ಲಿ ಸ್ಥಳೀಯ ಮಹಿಳಾ ಸಂಘಗಳಿಗೆ ಮೊದಲ ಅವಕಾಶ ದೊರೆಯಲಿ.

ನಮ್ಮ ಯುವಕರಿಗೂ ಒಂದು ಮಾತಿದೆ. ಆಟೋ ಓಡಿಸುವವರಲ್ಲಿ, ಗ್ಯಾರೇಜು ಮತ್ತು ಹೋಟೆಲು ನಡೆಸುವವರಲ್ಲಿ ನಮ್ಮವರು ಬಹಳ ಮಂದಿ. ಹೊರಗಿನವನೆಂದು ಎರಡು ಪಟ್ಟು ಬಾಡಿಗೆ ಕೇಳಿದ ದಿನವೇ ಊರಿನ ಹೆಸರು ಹೋಗುತ್ತದೆ. ಶಿರಾದ ಹುಡುಗ ಮಲಿಕ್ ರಿಹಾನ್ ಯಾರೆಂದು ಹೇಳಬಲ್ಲವನಾಗಬೇಕು. ಮಧುಗಿರಿ ಕೋಟೆಯ ಬಾಗಿಲುಗಳನ್ನೂ ಸಿದ್ಧರಬೆಟ್ಟದ ಗಿಡಮೂಲಿಕೆಗಳನ್ನೂ ಅಷ್ಟೇ ಪ್ರೀತಿಯಿಂದ ತೋರಿಸಬಲ್ಲವನಾಗಬೇಕು. ಮಸೀದಿ ನಮ್ಮದು, ದೇವಸ್ಥಾನ ಅವರದು ಎಂದು ಚರಿತ್ರೆಯನ್ನು ಹಂಚಿಕೊಂಡರೆ ಎರಡೂ ಪಾಳುಬೀಳುತ್ತವೆ.

ಊರೊಂದು ಅತಿಥಿಯನ್ನು ಎಷ್ಟು ಚೆನ್ನಾಗಿ ಬರಮಾಡಿಕೊಳ್ಳುತ್ತದೆಂಬುದು ಮುಖ್ಯವೇ. ಆದರೆ ಆ ಊರಿನ ಮಗು ಬೆಳಗ್ಗೆ ಹೊರಟು ಸಂಜೆ ಕ್ಷೇಮವಾಗಿ ಮನೆ ಸೇರುತ್ತದೆಯೇ ಎಂಬುದು ಅದಕ್ಕಿಂತ ಮೊದಲಿನದು. ಈ ಮಾತನ್ನು ನಿಮ್ಮ ಚಿಂತನೆಗೆ ಬಿಟ್ಟು ವಿರಮಿಸುತ್ತೇನೆ.