ಒಂದು ಅಂಕಿ, ಒಂದೇ ಕಡೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ಉಪಗ್ರಹವೆಂದರೆ ದೊಡ್ಡದೇ ಆಗಬೇಕೆಂದಿಲ್ಲ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ಹೊತ್ತೊಯ್ದ ಸ್ಟುಡ್‌ಸ್ಯಾಟ್ ಒಂದು ಕಿಲೋಗಿಂತ ಹಗುರ. ಕಟ್ಟಿದವರು ಬೆಂಗಳೂರು, ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು.

ಉಪಗ್ರಹ ಚಿಕ್ಕದಾದಷ್ಟೂ ಇಕ್ಕಟ್ಟು ಹೆಚ್ಚು. ಕ್ಯಾಮೆರಾ ಒಂದನ್ನು ಬದಲಿಸಿದರೂ ತೂಕ, ವಿದ್ಯುತ್, ಶಾಖ ಎಲ್ಲದರ ಲೆಕ್ಕ ಬದಲಾಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥ ಒಂದು ಬದಲಾವಣೆಯನ್ನು ನಾನು ನನ್ನ ಕಡತದಲ್ಲಷ್ಟೇ ಬರೆದುಕೊಂಡೆ. ವಿದ್ಯುತ್ ವಿಭಾಗದ ಗೆಳೆಯರ ಬಳಿ ಹಳೆಯ ಅಂಕಿಯೇ ಉಳಿಯಿತು. ಪರೀಕ್ಷೆಯಲ್ಲಿ ಬ್ಯಾಟರಿ ಬೇಗ ಬರಿದಾದಾಗ ನನ್ನ ತಪ್ಪು ಗೊತ್ತಾಯಿತು. ನೆಲದ ಮೇಲಿದ್ದಾಗಲೇ ಗೊತ್ತಾದದ್ದು ಪುಣ್ಯ. ಮೇಲೆ ಹೋದದ್ದನ್ನು ರಿಪೇರಿ ಮಾಡಲು ಯಾರೂ ಹೋಗಲಾರರು.

ಈಗ ಬಿಡಿ ಕಡತಗಳ ಬದಲು ಕಂಪ್ಯೂಟರಿನಲ್ಲಿ ಇಡೀ ಉಪಗ್ರಹದ ಒಂದೇ ಮಾದರಿ ಇರುತ್ತದೆ. ಯಾವ ಭಾಗ ಯಾವ ಕೆಲಸಕ್ಕೆ, ಯಾವುದಕ್ಕೆ ಜೋಡಣೆ, ಎಷ್ಟು ತೂಕ, ಎಷ್ಟು ವಿದ್ಯುತ್, ಎಲ್ಲವೂ ಅದರಲ್ಲೇ. ಇದಕ್ಕಾಗಿ ಸಿಸ್‌ಎಂಎಲ್ ಎಂಬ ಚಿತ್ರಭಾಷೆಯಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ‘ರಾಕ್ಸ್’ ಎಂಬ ಪುಟ್ಟ ಉಪಗ್ರಹದ ಮಾದರಿಯನ್ನು ಈ ಭಾಷೆಯಲ್ಲೇ ರಚಿಸಿದ್ದರು. ಅಂಕಿಯನ್ನು ಒಂದು ಕಡೆ ತಿದ್ದಿದರೆ ಸಾಕು, ಎಲ್ಲರಿಗೂ ಅದೇ ಕಾಣುತ್ತದೆ.

ಆದರೆ ತುಂಬುವವರು ನಾವೇ. ತಪ್ಪು ತುಂಬಿದರೆ ಎಲ್ಲರಿಗೂ ತಪ್ಪೇ ತಲುಪುತ್ತದೆ. ಇದೇ ಶಾಲೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು, ಉತ್ತರ ಸರಿಯಿದ್ದರೂ ಏಕಮಾನ ಬರೆಯದಿದ್ದರೆ ಅಂಕ ಕಳೆಯುತ್ತಿದ್ದರು. ಅಂದು ಸಿಟ್ಟು ಬರುತ್ತಿತ್ತು. ಇಂದು ಒಂದೊಂದು ಅಂಕಿ ತುಂಬುವಾಗಲೂ ಅವರ ನೆನಪಾಗುತ್ತದೆ. ಮಕ್ಕಳೇ, ಏಕಮಾನ ಬರೆಯುವುದನ್ನು ಮರೆಯಬೇಡಿ.