ಮುಪ್ಪಿನ ಮರೆವು



ಬಿತ್ತನೆ, ಗೊಬ್ಬರದ ಮಾತನ್ನು ಒತ್ತಟ್ಟಿಗಿಟ್ಟು, ಈ ಹೊತ್ತು ಮನೆಯ ಹಿರಿಯರ ಮರೆವಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವ್ಯವಸಾಯದ ಇಲಾಖೆಯವನಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ.

ಒಮ್ಮೆ ಮುಂಗಾರಿಗೆ ಮುಂಚೆ ಮಣ್ಣಿನ ಮಾದರಿ ತೆಗೆಯಲು ಒಂದು ಹಳ್ಳಿಗೆ ಹೋಗಿದ್ದೆ. ಎಪ್ಪತ್ತು ದಾಟಿದ ಯಜಮಾನರು ಜಗಲಿ ಮೇಲೆ ಕೂತಿದ್ದರು. ಹೊಲದ ವಿಚಾರ ಅವರನ್ನೇ ಕೇಳೋಣವೆಂದರೆ ಮಗ ತಡೆದ. “ಅಪ್ಪನ್ನ ಕೇಳಬೇಡಿ ಸಾರ್, ಅರಳು ಮರಳು. ಒಂದು ಕೇಳಿದ್ರೆ ಇನ್ನೊಂದು ಹೇಳ್ತಾರೆ” ಎಂದ. ನಾನು ಅವರ ಪಕ್ಕ ಕೂತು, ಮುಖ ನೋಡಿಕೊಂಡು, ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಕೇಳಿದೆ. ಯಾವ ಮೂಲೆಯಲ್ಲಿ ಚೌಳು ಏಳುತ್ತದೆ, ಯಾವ ತಾಕಿಗೆ ಕೆರೆಗೋಡು ಹೊಡೆಸಿದ್ದರು, ಬಾವಿ ಬತ್ತಿದ್ದು ಯಾವ ವರ್ಷ, ಎಲ್ಲಾ ಹೇಳಿದರು! ಕೆಟ್ಟಿದ್ದು ಬುದ್ಧಿಯಲ್ಲ, ಕಿವಿ. ಕಿವಿ ಕೇಳಿಸದ ಮೇಲೆ ಮನೆಯವರು ಅವರೊಡನೆ ಮಾತು ಬಿಟ್ಟಿದ್ದರು, ಲೆಕ್ಕಾಚಾರದಿಂದಲೂ ದೂರ ಇಟ್ಟಿದ್ದರು.

ಹಾಗೇ ಬಿಟ್ಟಿದ್ದರೆ ಬುದ್ಧಿಗೂ ಪೆಟ್ಟು ಬೀಳುವ ಸಂಭವವಿತ್ತು. ನಡುವಯಸ್ಸಿನಿಂದ ಕಿವುಡು ಬಂದು, ಅದಕ್ಕೆ ಉಪಾಯ ಮಾಡದೆ ಇದ್ದವರಿಗೆ ಮುಂದೆ ಮರೆವಿನ ಕಾಯಿಲೆ ಹೆಚ್ಚು ಎಂದು ವೈದ್ಯರು ಕಂಡುಕೊಂಡಿದ್ದಾರೆ. ಮಾತಿಲ್ಲದೆ ಒಂಟಿಯಾಗಿ ಕೂತ ಮನಸ್ಸು ಉಳದೆ ಬಿಟ್ಟ ಹೊಲದಂತೆ. ಆ ಯಜಮಾನರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಗುಗ್ಗೆ ತೆಗೆದರು, ಆಮೇಲೆ ಒಂದು ಕಿವಿಗೆ ಯಂತ್ರ ಹಾಕಿಸಿದರು. ಈಗ ಡೈರಿಗೆ ಹಾಕುವ ಹಾಲಿನ ಲೆಕ್ಕವೆಲ್ಲಾ ಅವರದೇ.

ಅರವತ್ತಕ್ಕೆ ಅರಳು ಮರಳು ಅಂತ ಗಾದೆ ಕಟ್ಟಿದ್ದೇವೆ. ಅದು ಪೂರಾ ನಿಜವಲ್ಲ. 2023ರಲ್ಲಿ ಪ್ರಕಟವಾದ ನಮ್ಮ ದೇಶದ ಲೆಕ್ಕದ ಪ್ರಕಾರ, ಅರವತ್ತು ದಾಟಿದ 100 ಜನರಲ್ಲಿ ಈ ಕಾಯಿಲೆ ಇರುವುದು ಸುಮಾರು 7 ಮಂದಿಗೆ. ಉಳಿದವರಿಗಿಲ್ಲ. ಆದರೆ ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆದ್ದರಿಂದ ಇದು ನಮ್ಮ ಮನೆಯ ಮಾತೇ. ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯ ತಜ್ಞರ ಮಂಡಳಿ 2024ರಲ್ಲಿ ಇದಕ್ಕೆ ದಾರಿಮಾಡುವ 14 ಸಂಗತಿಗಳನ್ನು ಹೇಳಿ, ಅವೆಲ್ಲವನ್ನೂ ಸರಿಪಡಿಸಿದರೆ ಲೋಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಈ ಕಾಯಿಲೆಯನ್ನು ತಪ್ಪಿಸಬಹುದು ಇಲ್ಲವೆ ಮುಂದಕ್ಕೆ ತಳ್ಳಬಹುದು ಎಂದಿದೆ.

ಇದು ಮುದುಕರ ಮಾತು, ನಮಗೇಕೆ ಎಂದು ನಲವತ್ತರ ಯಜಮಾನರು ಏಳಬೇಡಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ಜನರನ್ನು ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಅವರು ಆರಿಸಿಕೊಂಡದ್ದು 45 ತುಂಬಿದವರನ್ನು. ಏಕೆಂದರೆ ಮರೆವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಮಿದುಳಿನೊಳಗೆ ಕೆಡುಕು ಶುರುವಾಗಿರುತ್ತದೆ.

ಮಿದುಳಿನ ತೂಕ ನಮ್ಮ ಮೈತೂಕದ ಐವತ್ತನೇ ಒಂದು ಪಾಲು. ಆದರೆ ಅದಕ್ಕೆ ಬೇಕಾದ ಪ್ರಾಣವಾಯು ಐದನೇ ಒಂದು ಪಾಲು! ಅದನ್ನು ರಕ್ತವೇ ತಲುಪಿಸಬೇಕು. ನಾಲೆ ಒಡೆದರೆ, ಹೂಳು ತುಂಬಿದರೆ, ಕೊನೆಯ ಗದ್ದೆಗೆ ನೀರು ಹೋದೀತೆ? ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಇವು ಮಿದುಳಿನ ಕೂದಲೆಳೆಯಂಥ ನಾಳಗಳಿಗೆ ಅದನ್ನೇ ಮಾಡುತ್ತವೆ. ನೋವಿಲ್ಲ, ಆದ್ದರಿಂದ ತಿಳಿಯುವುದಿಲ್ಲ. ದನಕ್ಕೆ ಜ್ವರ ಬಂದರೆ ಓಡುವ ನಾವು ನಮ್ಮ ಒತ್ತಡ ನೋಡಿಸಿಕೊಳ್ಳುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಕಾಸಿಲ್ಲದೆ ನೋಡುತ್ತಾರೆ. ಮಾತ್ರೆ ಕೊಟ್ಟರೆ, ಮೈ ಹಗುರಾಯಿತು ಅಂತ ನಡುವೆ ನಿಲ್ಲಿಸಬೇಡಿ. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳದ್ದೂ ಅದರೊಳಗೇ ಸೇರಬೇಕು. ಎಲೆಯಡಿಕೆ ಜೊತೆ ಹೊಗೆಸೊಪ್ಪು ಬೇಡ. ಸಾರಾಯಿಯ ಮಾತಂತೂ ಕೇಳಲೇಬೇಡಿ.

ಟಿಲ್ಲರು, ಬೈಕು ಬಂದ ಮೇಲೆ ನಡಿಗೆ ತಪ್ಪಿಹೋಗಿದೆ. ಹೊಲಕ್ಕೆ ನಡೆದೇ ಹೋಗಿ. ಬೈಕೇ ಬೇಕೆಂದರೆ ತಲೆಗೆ ಹೆಲ್ಮೆಟ್ ಇರಲಿ, ತಲೆಗೆ ಬಿದ್ದ ಪೆಟ್ಟೂ ಮುಂದೆ ಮರೆವು ತರಬಲ್ಲದು. ತಾಯಂದಿರೇ, ಒಲೆಯ ಹೊಗೆ ಒಳ್ಳೆಯದಲ್ಲ. ಗ್ಯಾಸ್ ಇದ್ದೂ ಉಳಿತಾಯಕ್ಕೆಂದು ಸೌದೆ ಉರಿಸುವವರು ಹೊಗೆ ಹೊರಹೋಗುವ ದಾರಿಯನ್ನಾದರೂ ಮಾಡಿಸಿ. ಕಣ್ಣಿಗೆ ಪೊರೆ ಬಂದಿದ್ದರೆ ತೆಗೆಸಿ.

ಇನ್ನು ಹಿರಿಯರ ಕೆಲಸ. “ಸುಮ್ನೆ ಕೂತ್ಕೊಳ್ಳಿ, ನಾವು ಮಾಡ್ಕೋತೀವಿ” ಎಂದು ಮರ್ಯಾದೆಯಿಂದಲೇ ಅನ್ನುತ್ತೇವೆ. ಅದು ಉಪಕಾರವಲ್ಲ. ಬೀಜ ಆರಿಸುವುದು, ಕೂಲಿ ಲೆಕ್ಕ, ಸಂತೆ ವ್ಯಾಪಾರ, ಕರುವಿನ ಆರೈಕೆ, ಯಾವುದಾದರೂ ಒಂದು ಜವಾಬ್ದಾರಿ ಅವರ ಕೈಯಲ್ಲಿರಲಿ. ಎರಡು ರೂಪಾಯಿ ತಪ್ಪಾದರೆ ಮನೆ ಮುಳುಗುವುದಿಲ್ಲ. ಭಜನೆಗೆ ಹೋಗಲಿ, ಮೊಮ್ಮಕ್ಕಳ ಜೊತೆ ಚೌಕಾಬಾರ ಆಡಲಿ. ಅಕ್ಷರ ಬಾರದ ಅಜ್ಜಿಗೆ ಮೊಮ್ಮಗಳು ಫೋನಿನಲ್ಲಿ ಅಂಕಿ ಗುರುತಿಸಲು ಕಲಿಸಲಿ. ಹೊಸದನ್ನು ಕಲಿಯುವುದೂ ಮಿದುಳಿಗೆ ಗೊಬ್ಬರವೇ.

ಇಷ್ಟು ಮಾಡಿದರೆ ಬರುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ನಮ್ಮಜ್ಜಿ ಕೊನೆಯವರೆಗೂ ದುಡಿದವರು, ಅವರಿಗೂ ಬಂತು. ಬಿತ್ತನೆ ಬೀಜಕ್ಕೆ ಉಪಚಾರ ಮಾಡಿದರೂ ಕೆಲವು ಸಲ ರೋಗ ಬರುವುದಿಲ್ಲವೆ? ಹಾಗೆಂದು ಉಪಚಾರ ಬಿಡುತ್ತೇವೆಯೆ?

ಕುಡುಗೋಲು ಎಲ್ಲಿಟ್ಟೆ ಎಂದು ಹುಡುಕುವುದು ಎಲ್ಲರಿಗೂ ಉಂಟು. ತಮ್ಮ ಹೊಲದ ದಾರಿಯೇ ತಪ್ಪಿದರೆ, ಉಂಡದ್ದೇ ನೆನಪಿಲ್ಲದಿದ್ದರೆ, ಎಣಿಸುತ್ತಿದ್ದ ದುಡ್ಡು ಎಣಿಸಲು ಬಾರದಾದರೆ, ಬೈದು ಸುಮ್ಮನಾಗಬೇಡಿ, ದೇವರ ಕಾಟವೆಂದು ಮುಚ್ಚಿಡಬೇಡಿ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನೋವ್ಯಥೆ ಇವುಗಳಿಂದಲೂ ಮರೆವು ಬರುತ್ತದೆ, ಅಂಥದಕ್ಕೆ ಔಷಧಿ ಉಂಟು. ಮೊದಲು ಹತ್ತಿರದ ಆರೋಗ್ಯ ಕೇಂದ್ರ, ಅಲ್ಲಿಂದ ಅವರು ಹೇಳಿದಂತೆ ಜಿಲ್ಲಾ ಆಸ್ಪತ್ರೆ. ಹೋಗುವಾಗ ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲಾ ಒಂದು ಚೀಲದಲ್ಲಿ ಹಾಕಿಕೊಂಡು, ಮರೆವು ಯಾವಾಗ ಶುರುವಾಯಿತೆಂದು ಬಲ್ಲವರು ಒಬ್ಬರು ಜೊತೆಗೆ ಹೋಗಿ.