ಕಿವಿಗೆ ಬಂದ ಪ್ರಸಾದ



ಶ್ರಾವಣ ಮಾಸದ ಈ ಪ್ರವಚನದಲ್ಲಿ ಮೊದಲು ವಚನಗಾಯನ, ಅನಂತರ ನಮ್ಮ ಮಾತು. ಇದು ಮಠದಲ್ಲಿ ನಡೆದುಬಂದ ಪದ್ಧತಿ. ಗಾಯನ ಮುಗಿದೊಡನೆ ಕೆಲವರು ಮೆಲ್ಲನೆ ಎದ್ದು ಹೋಗುವುದನ್ನು ನಾವು ಕಂಡಿದ್ದೇವೆ. ಅದಕ್ಕೆ ನಮಗೆ ಬೇಸರವಿಲ್ಲ. ಸಂಗೀತದ ಸೆಳೆತವೇ ಅಂಥದು. ಆ ಸೆಳೆತಕ್ಕೆ ಮನಸೋತೂ ತಾವು ಹಾಡಲಾರದವರು ಬಹಳ ಮಂದಿ ಇದ್ದಾರೆ. ಇಂದು ಅವರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಇಂಥವರು ಪ್ರತಿಯೊಂದು ಊರಿನಲ್ಲಿಯೂ ಉಂಟು. ಹತ್ತು ಹರದಾರಿ ದೂರದಲ್ಲಿ ಗಾಯನವಿದ್ದರೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಬೆಳತನಕ ಕುಳಿತು ಕೇಳುತ್ತಾರೆ, ಕಣ್ಣೀರಿಡುತ್ತಾರೆ. ಆದರೆ ತಾವು ಬಾಯಿ ತೆರೆದರೆ ಷಡ್ಜ ಒಂದು ಕಡೆ, ತಾವು ಒಂದು ಕಡೆ. ನಾವೂ ಈ ಪಂಗಡಕ್ಕೇ ಸೇರಿದವರು. ಪಾಠಶಾಲೆಯಲ್ಲಿ ಛಂದಸ್ಸು ಓದಿದೆವು. ಶಿಖರಿಣಿಗೆ 17 ಅಕ್ಷರ, ಆರನೆಯದಕ್ಕೆ ಯತಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಅದನ್ನೇ ರಾಗವಾಗಿ ಹಾಡಿರೆಂದರೆ ಕೊರಳು ಮಾತು ಕೇಳುವುದಿಲ್ಲ.

ನೇಯ್ಗೆಯ ಕೆಲಸ ಮಾಡಿ ವಯಸ್ಸಾದ ಒಬ್ಬ ಭಕ್ತರು ನಮ್ಮಲ್ಲಿಗೆ ಬಂದಿದ್ದರು. ಅವರು ಬಾಲಕರಾಗಿದ್ದಾಗ ಭಜನೆಯಲ್ಲಿ ಯಾರೋ, 'ನೀನು ತಾಳ ಮಾತ್ರ ಹಿಡಿ, ಬಾಯಿ ಬಿಡಬೇಡ' ಎಂದರಂತೆ. ಅಂದಿನಿಂದ ಅವರು ಮನೆಯ ಪೂಜೆಯಲ್ಲಿಯೂ ಬಾಯಿಬಿಟ್ಟು ಹಾಡಿದವರಲ್ಲ. 'ಬುದ್ಧೀ, ಶಿವನು ಕೊಡುವುದಾದರೆ ಎರಡನ್ನೂ ಕೊಡಬೇಕಿತ್ತು. ಆಸೆ ಕೊಟ್ಟು ಕೊರಳು ಕೊಡದೆ ಬಿಟ್ಟನಲ್ಲ, ಇದು ನ್ಯಾಯವೇ?' ಎಂದು ಕೇಳಿದರು. ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಬಾರದು. ಇದು ಒಂದು ಜೀವಮಾನದ ನೋವು.

ಮೊದಲು ಒಂದು ವಿವೇಕವನ್ನು ತಿಳಿಯಬೇಕು. ಕೊರಳು ಬೇರೆ, ಕಿವಿ ಬೇರೆ. ಸ್ವರ ತಪ್ಪಿ ಹಾಡುವವನೂ ಮತ್ತೊಬ್ಬನ ಸ್ವರ ತಪ್ಪಿದರೆ ಹುಬ್ಬು ಗಂಟಿಕ್ಕುತ್ತಾನೆ. ಕಿವಿಯಲ್ಲಿ ಸಂಗೀತವಿಲ್ಲದಿದ್ದರೆ ಅವನಿಗೆ ಅದು ತಿಳಿಯುವುದೆಂತು? ಶಾಸ್ತ್ರಕಾರರು ವಾಕ್ಕನ್ನು ಕರ್ಮೇಂದ್ರಿಯವೆಂದರು, ಶ್ರೋತ್ರವನ್ನು ಜ್ಞಾನೇಂದ್ರಿಯವೆಂದರು. ಕರ್ಮೇಂದ್ರಿಯ ಒಂದು ಬಡವಾದರೆ ಜ್ಞಾನೇಂದ್ರಿಯವೂ ಬಡವಾಗಬೇಕಿಲ್ಲ.

ನಮ್ಮ ಪ್ರಾಚೀನರು ಕೇಳುವವನನ್ನು ಕೀಳುಮಾಡಲಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರೇಕ್ಷಕನಿಗೂ ಲಕ್ಷಣ ಹೇಳಿದ್ದಾನೆ. ಕಾಶ್ಮೀರದ ಶೈವಾಚಾರ್ಯ ಅಭಿನವಗುಪ್ತನು ಸರಸ್ವತಿಯ ತತ್ತ್ವವನ್ನು ಹೇಳುವಾಗ ಕವಿಯ ಪಕ್ಕದಲ್ಲಿಯೇ ಸಹೃದಯನನ್ನೂ ನಿಲ್ಲಿಸಿದನು. ಸಹೃದಯನ ಮನಸ್ಸು ಅಭ್ಯಾಸದಿಂದ ತಿಳಿಯಾದ ಕನ್ನಡಿಯಂತೆ ಎಂಬುದು ಅವನ ಮತ. ಕನ್ನಡಿಯು ತಾನು ರೂಪವನ್ನು ಸೃಷ್ಟಿಸುವುದಿಲ್ಲ, ನಿಜ. ಆದರೆ ಅದನ್ನು ಉಜ್ಜಿ ತಿಳಿಯಾಗಿಡುವುದೂ ಒಂದು ಸಾಧನೆಯೇ.

ಇನ್ನು ನಮ್ಮ ಷಟ್‌ಸ್ಥಲ ಸಿದ್ಧಾಂತಕ್ಕೆ ಬರೋಣ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಕಿವಿಗೆ ಪ್ರಸಾದಲಿಂಗವನ್ನೇ ಹೇಳಿರುವುದನ್ನು ಗಮನಿಸಿರಿ. ಅದು ಶರಣಸ್ಥಲಕ್ಕೆ ಸಲ್ಲುವ ಲಿಂಗ. ಕಿವಿಯ ಮುಖದಿಂದ ಬಂದ ಶಬ್ದವನ್ನು ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದರೆ ಆ ಶಬ್ದವೇ ಪ್ರಸಾದ. ದಾಸೋಹದ ಮನೆಯಲ್ಲಿ ಅಡುಗೆ ಮಾಡುವವರು ಹತ್ತು ಮಂದಿ, ಪಂಕ್ತಿಯಲ್ಲಿ ಕುಳಿತವರು ಸಾವಿರ ಮಂದಿ. 'ನನಗೆ ಅಡುಗೆ ಬಾರದು, ಆದಕಾರಣ ನನಗೆ ಪ್ರಸಾದದ ಯೋಗ್ಯತೆಯಿಲ್ಲ' ಎಂದು ಯಾರಾದರೂ ಅಳುತ್ತಾರೆಯೇ? ಹಾಡುವವನದು ದಾಸೋಹ, ಕೇಳುವವನದು ಪ್ರಸಾದ. ಪಂಕ್ತಿಯೇ ಬರಿದಾದರೆ ಅಡುಗೆ ಯಾರಿಗಾಗಿ?

ಬಸವಣ್ಣನವರು ತಮಗೆ ತಾಳ, ಗಣ ಮೊದಲಾದವು ತಿಳಿಯವೆಂದೂ, ಒಲಿದ ಹಾಗೆ ಹಾಡುವುದಾಗಿಯೂ ಒಂದು ವಚನದಲ್ಲಿ ಹೇಳಿಕೊಂಡಿದ್ದಾರೆ. ಇನ್ನೊಂದರಲ್ಲಿ ರಾವಣನ ನಾದವನ್ನು ನೆನೆದು, ಶಿವನು ನಾದಕ್ಕಲ್ಲ, ವೇದಕ್ಕೂ ಅಲ್ಲ, ಭಕ್ತಿಗೆ ಒಲಿಯುವನೆಂದು ತೀರ್ಮಾನ ಕೊಟ್ಟಿದ್ದಾರೆ. ನಾದದ ಜೊತೆಗೆ ವೇದವನ್ನೂ ಅವರು ಸೇರಿಸಿದ್ದು, ನಮ್ಮಂಥ ಸಂಸ್ಕೃತ ಓದಿದವರೂ ಎಚ್ಚರದಿಂದಿರಲೆಂದು. ಹಾಗೆಂದು ವಿದ್ಯೆಯನ್ನು ಅವರು ಹಳಿದರೆಂದು ತಿಳಿಯಬಾರದು. ಮತ್ತೊಂದು ವಚನದಲ್ಲಿ ತಮ್ಮ ದೇಹವನ್ನೇ ವಾದ್ಯವಾಗಿ ಮಾಡಿಕೊಳ್ಳೆಂದು ದೇವರನ್ನು ಬೇಡಿದವರೂ ಅವರೇ. ಅಲ್ಲಿ ನುಡಿಸುವವನು ಶಿವ, ಭಕ್ತನು ವಾದ್ಯ ಮಾತ್ರ.

ಪ್ರತಿಭೆಯಿಲ್ಲದ ಪ್ರೀತಿಯಿಂದ ಲೋಕಕ್ಕೆ ಏನು ಪ್ರಯೋಜನ ಎಂದು ಕೇಳಬಹುದು. ಅದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳವರು ಕಚೇರಿ ಮಾಡಿ ಹೆಸರು ಪಡೆದವರಲ್ಲ. ಆದರೆ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಒಬ್ಬ ಕುರುಡ ಬಾಲಕನ ಕಂಠವನ್ನು ಅವರ ಕಿವಿ ಗುರುತಿಸಿತು. ಕರ್ನಾಟಕ ಸಂಗೀತವನ್ನೂ ಹಿಂದೂಸ್ತಾನಿ ಸಂಗೀತವನ್ನೂ ಕಲಿಯಲು ಅವನಿಗೆ ಆಶ್ರಯ ಕೊಟ್ಟರು. ಆ ಬಾಲಕನೇ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು. ಅವರಿಂದ ಗದಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆಯಿತು, ಬಸವರಾಜ ರಾಜಗುರು ಅವರಂಥ ಗಾಯಕರು ಸಿದ್ಧರಾದರು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ದೀಪವನ್ನು ನಂದದಂತೆ ಕಾಯ್ದರು. ಎಷ್ಟು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅಲ್ಲಿ ಅನ್ನವೂ ವಿದ್ಯೆಯೂ ದೊರೆತವು! ಇಷ್ಟೆಲ್ಲಕ್ಕೂ ಮೂಲ ಯಾವುದು? ಸರಿಯಾಗಿ ಕೇಳಿದ ಒಂದು ಕಿವಿ.

ಆದಕಾರಣ ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟು: ಕಚೇರಿಯ ವೇದಿಕೆ ಬೇರೆ, ಪೂಜೆಯ ಮಣೆ ಬೇರೆ. ವೇದಿಕೆಯಲ್ಲಿ ಸಂಗೀತವು ವಿದ್ಯೆ. ಅಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದವನಿಗೆ ಸ್ಥಾನ ಬಿಡಬೇಕು. 'ಭಕ್ತಿಯಿದೆ' ಎಂಬ ನೆಪದಿಂದ ಶ್ರುತಿಗೆಟ್ಟು ಹಾಡಿ ಸಭೆಯನ್ನು ದಣಿಸಬಾರದು. ಪೂಜೆಯ ಮಣೆಯ ಮೇಲೆ ಸಂಗೀತವು ಮೊರೆ. ಹಸಿದ ಕರು ಕೂಗುವಾಗ ತಾಯಿಹಸು ರಾಗ ನೋಡುವುದಿಲ್ಲ. ಅಲ್ಲಿ ಬಾಯಿ ತೆರೆದು ಹಾಡಿರಿ. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ನಮಸ್ಕರಿಸಿ ಹೋದರು.

ಕೇಳುವವರಿಗೂ ವ್ರತವುಂಟು. ಹೊತ್ತಿಗೆ ಸರಿಯಾಗಿ ಬಂದು ಕುಳಿತುಕೊಳ್ಳಬೇಕು. ಆಲಾಪದ ನಡುವೆ ನೆರೆಯವರೊಡನೆ ಮಾತು ಬೇಡ, ಕೈಯಲ್ಲಿ ಮೊಬೈಲು ಬೇಡ. ಗಾಯಕರನ್ನು ತಡೆದು ಹಾರ ತುರಾಯಿ ಹಂಚುವ ನಮ್ಮ ಸಭೆಗಳ ಚಾಳಿಯೂ ನಿಲ್ಲಬೇಕು. ಇನ್ನು ನೆರೆಮನೆಯ ಮಗುವಿಗೆ ಕಂಠವಿದ್ದರೆ ಅಸೂಯೆ ಪಡದೆ, ಅದಕ್ಕೊಬ್ಬ ಗುರುವನ್ನು ಹುಡುಕಿಕೊಡಿರಿ, ಸಾಧ್ಯವಾದರೆ ಒಂದು ತಂಬೂರಿ ಕೊಡಿಸಿರಿ. ತನಗಿಲ್ಲದ್ದು ಮತ್ತೊಬ್ಬರಲ್ಲಿ ಅರಳುವುದನ್ನು ಕಂಡು ಹಿಗ್ಗುವುದು ಸಾಮಾನ್ಯ ಗುಣವಲ್ಲ. ಕೊರಳು ಕೊಡದೆ ಪ್ರೀತಿಯನ್ನಷ್ಟೇ ಕೊಟ್ಟ ಶಿವನು ಈ ಗುಣವನ್ನು ಕಲಿಯಲೆಂದೇ ಕೊಟ್ಟನೆಂದು ನಾವು ಭಾವಿಸುತ್ತೇವೆ.

ಮಕ್ಕಳಿಗೆ 'ನೀನು ಬಾಯಿ ಮುಚ್ಚು' ಎಂದು ಮಾತ್ರ ಯಾರೂ ಹೇಳಬೇಡಿರಿ. ಒಂದು ಮಾತಿನಿಂದ ಒಂದು ಜನ್ಮ ಮೂಕವಾಗುತ್ತದೆ. ನಾಳಿನ ಸಾಮೂಹಿಕ ಪ್ರಾರ್ಥನೆಯಲ್ಲಿ ಶ್ರುತಿ ಕೂಡುವವರೂ ಕೂಡದವರೂ ಒಟ್ಟಾಗಿ ದನಿಗೂಡಿಸಿರಿ. ನಾವೂ ದನಿಗೂಡಿಸುತ್ತೇವೆ. ಗುರುಬಸವಾದಿ ಶರಣರ ಕೃಪೆ ನಿಮ್ಮೆಲ್ಲರ ಮೇಲಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.